ಎರಡನೆಯ ಕೀಲಿ

ಕೇಳುಗರಿಗೆ ನಮಸ್ಕಾರ.

2006ರ ಮಾರ್ಚ್ 13. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಸಂಶೋಧನಾ ಘಟಕವೊಂದರಲ್ಲಿ ಆರು ಮಂದಿ ಆರೋಗ್ಯವಂತ ಯುವಕರು ಹೊಸ ಔಷಧಕ್ಕೆ ತೋಳೊಡ್ಡಿದರು. ಅದರ ಹೆಸರು ಟಿಜಿಎನ್1412. ಮಂಗಗಳು ತೊಂದರೆಯಿಲ್ಲದೆ ತಾಳಿಕೊಂಡಿದ್ದ ಪ್ರಮಾಣದಲ್ಲಿ 500ರಲ್ಲಿ ಒಂದು ಪಾಲನ್ನಷ್ಟೇ ಅವರಿಗೆ ಕೊಟ್ಟಿದ್ದರು. ಒಂದೂವರೆ ಗಂಟೆಯೊಳಗೆ ತಲೆನೋವು, ವಾಂತಿ, ಜ್ವರ ಶುರುವಾಯಿತು. 24 ಗಂಟೆ ತುಂಬುವ ಮೊದಲೇ ಆರೂ ಮಂದಿಯ ಸ್ಥಿತಿ ಚಿಂತಾಜನಕವಾಗಿತ್ತು.

ಕಾರಣ ತಿಳಿಯಲು ನಮ್ಮ ರಕ್ಷಣಾ ಪಡೆಯ ಬಿಳಿ ರಕ್ತಕಣವಾದ ಟಿ ಕೋಶದ ಬಳಿಗೆ ಹೋಗಬೇಕು. ಸೋಂಕು ತಗುಲಿದಾಗ ಡೆಂಡ್ರೈಟಿಕ್ ಕೋಶವೆಂಬ ಕಾವಲು ಕೋಶವು ರೋಗಾಣುವಿನ ತುಣುಕನ್ನು ಮೈಮೇಲೆ ಹೊತ್ತು ತಂದು ಟಿ ಕೋಶಕ್ಕೆ ತೋರಿಸುತ್ತದೆ. ಟಿ ಕೋಶ ಅದನ್ನು ಗುರುತಿಸುತ್ತದೆ, ಆದರೆ ಅಷ್ಟಕ್ಕೇ ಕೆರಳುವುದಿಲ್ಲ. ಬ್ಯಾಂಕಿನ ಲಾಕರ್ ನೆನಪಿಸಿಕೊಳ್ಳಿ: ನಿಮ್ಮ ಕೀಲಿಯೊಂದೇ ಸಾಲದು, ಬ್ಯಾಂಕಿನವರ ಕೀಲಿಯೂ ತಿರುಗಬೇಕು. ಆ ಎರಡನೆಯ ಕೀಲಿಗೆಂದು ಟಿ ಕೋಶದ ಮೇಲಿರುವ ಸಹಪ್ರಚೋದಕ ಗ್ರಾಹಕವೇ, ಅಂದರೆ ಕೆರಳಲು ಬೇಕಾದ ಎರಡನೆಯ ಸಂಕೇತವನ್ನು ಹಿಡಿಯುವ ಪ್ರೋಟೀನೇ, ಸಿಡಿ28. ಅಪಾಯದ ಸುಳಿವು ಸಿಕ್ಕಾಗ ಡೆಂಡ್ರೈಟಿಕ್ ಕೋಶ ಸಿಡಿ80, ಸಿಡಿ86 ಎಂಬ ಪ್ರೋಟೀನುಗಳನ್ನು ಹೇರಳವಾಗಿ ಹೊರಚಾಚುತ್ತದೆ. ಅವು ಸಿಡಿ28ಕ್ಕೆ ತಾಗಿದರೆ ಟಿ ಕೋಶ ಒಂದು ಹೋಗಿ ಸಾವಿರವಾಗುತ್ತದೆ. ತಾಗದಿದ್ದರೆ ಮಂಕಾಗಿ, ಮುಂದೆ ಕರೆದರೂ ಓಗೊಡುವುದಿಲ್ಲ. ನಮ್ಮ ಮೈಮೇಲೆ ನಮ್ಮದೇ ಪಡೆ ಎರಗದಿರಲೆಂದು ಇರುವ ಈ ಕಟ್ಟೆಚ್ಚರ ಎಷ್ಟು ಸಲ ಓದಿದರೂ ನನ್ನನ್ನು ಬೆರಗುಗೊಳಿಸುತ್ತದೆ.

ಟಿಜಿಎನ್1412 ಮೊದಲ ಕೀಲಿಯ ಹಂಗೇ ಇಲ್ಲದೆ ಸಿಡಿ28 ಅನ್ನು ತಿರುಗಿಸಿಬಿಟ್ಟಿತು. ಯಾವ ಸೋಂಕೂ ಇಲ್ಲದ ದೇಹಗಳಲ್ಲಿ ಟಿ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಪ್ರವಾಹದಂತೆ ಹರಿಸಿದವು. ಮಂಗಗಳಿಗೆ ಏಕೆ ಏನೂ ಆಗಲಿಲ್ಲ? ಉತ್ತರ 2010ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಈ ಪ್ರವಾಹ ಎಬ್ಬಿಸಿದ್ದು ಹಳೆಯ ಸೋಂಕುಗಳ ನೆನಪು ಹೊತ್ತ ಒಂದು ಬಗೆಯ ಟಿ ಕೋಶ. ಆ ಮಂಗಗಳ ಅದೇ ಬಗೆಯ ಕೋಶಗಳ ಮೇಲೆ ಸಿಡಿ28 ಇರಲೇ ಇಲ್ಲ.

ಇದೇ ಗ್ರಾಹಕದ ತಿಳಿವಳಿಕೆ ಉಪಕಾರವನ್ನೂ ಮಾಡಿದೆ. ಎರಡನೆಯ ಕೀಲಿಯನ್ನು ತಡೆಯುವ ಅಬಟಾಸೆಪ್ಟ್ ಎಂಬ ಔಷಧ 2005ರಿಂದ ಸಂಧಿವಾತದ ಚಿಕಿತ್ಸೆಯಲ್ಲಿದೆ.

ಲಂಡನ್ನಿನ ಆರೂ ಮಂದಿ ಬದುಕುಳಿದರು. ಒಬ್ಬರು ಕೈಕಾಲುಗಳ ಬೆರಳುಗಳನ್ನು ಕಳೆದುಕೊಂಡರು. ನನ್ನನ್ನು ಹೆಚ್ಚು ಕಾಡುವುದು ಅಂದಿನ ಗಡಿಯಾರ. ಸುಮಾರು ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಔಷಧ ಕೊಟ್ಟಿದ್ದರು. ಮೊದಲನೆಯವರ ಬಳಿ ಎರಡು ಗಂಟೆ ಕಾದಿದ್ದರೂ ಉಳಿದ ಐವರು ಪಾರಾಗುತ್ತಿದ್ದರು. ಹೊಸ ಔಷಧವನ್ನು ಮೊದಲು ಒಬ್ಬರಿಗೆ ಮಾತ್ರ ಕೊಟ್ಟು, ಕಾದು ನೋಡಿ ಮುಂದುವರಿಯಬೇಕೆಂಬ ಸೂಚನೆ 2007ರಲ್ಲಿ ಯುರೋಪಿನ ಮಾರ್ಗಸೂಚಿಗೆ ಸೇರಿತು.