ಸ್ಕ್ಯಾನ್ ವರದಿಗೆ ಹೆದರಿ ಮಂಚ ಹಿಡಿಯಬೇಡಿ

ಎಲ್ಲರಿಗೂ ನಮಸ್ಕಾರ.

ಸೊಂಟನೋವಿನ ಬಗ್ಗೆ ಮಾತನಾಡಿ ಎಂದು ಸಂಘದವರು ಕೇಳಿದಾಗಲೇ ಸಭಾಂಗಣ ತುಂಬುತ್ತದೆ ಎಂದುಕೊಂಡಿದ್ದೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 62 ಕೋಟಿ ಜನರಿಗೆ ಈ ನೋವಿತ್ತು. ಮನುಷ್ಯರನ್ನು ಕೆಲಸಕ್ಕೆ ಬಾರದಂತೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಹಿಂದೆ ಕೆಲವರು ಕುರ್ಚಿ ಬಿಟ್ಟು ಗೋಡೆಗೆ ಒರಗಿ ನಿಂತಿದ್ದೀರಿ. ಹಾಗೆಯೇ ನಿಂತಿರಿ, ನನಗೇನೂ ಬೇಸರವಿಲ್ಲ.

ನನ್ನ ಬಳಿ ಬರುವ ಅನೇಕರು ನೋವನ್ನು ಹೇಳಿಕೊಳ್ಳುವ ಮೊದಲೇ ಒಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಡುತ್ತಾರೆ. ಒಳಗೆ ಎಂಆರ್‌ಐ ಫಿಲ್ಮು, ಜೊತೆಗೊಂದು ವರದಿ. ಕೊನೆಯ ಸಾಲು ದಪ್ಪ ಅಕ್ಷರಗಳಲ್ಲಿರುತ್ತದೆ: ‘ಎಲ್4-ಎಲ್5 ಡಿಫ್ಯೂಸ್ ಡಿಸ್ಕ್ ಬಲ್ಜ್, ಡಿಸ್ಕ್ ಡೆಸಿಕೇಶನ್’. “ಡಿಸ್ಕ್ ಜಾರಿದೆಯಂತೆ ಡಾಕ್ಟರೇ, ಇನ್ನು ಬಗ್ಗುವ ಹಾಗಿಲ್ಲವಂತೆ” ಎನ್ನುವಾಗ ಅವರ ಕಣ್ಣಲ್ಲಿ ನೀರಿರುತ್ತದೆ. ಆ ಸಾಲಿನಲ್ಲಿರುವುದು ಇಷ್ಟೇ: ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕಿನ ಅಂಚು ತುಸು ಉಬ್ಬಿದೆ, ಅದರೊಳಗಿನ ನೀರಿನಂಶ ಕಡಿಮೆಯಾಗಿದೆ. ಡಿಸ್ಕ್ ಎಲ್ಲಿಗೂ ಜಾರಿ ಹೋಗುವುದಿಲ್ಲ, ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ.

ಹಾಗಾದರೆ ಈ ಉಬ್ಬು ಯಾರಿಗೆಲ್ಲ ಇರುತ್ತದೆ? ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ವಿವರವನ್ನು ಒಟ್ಟುಗೂಡಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇಪ್ಪತ್ತು ವರ್ಷದವರಲ್ಲೇ ಶೇಕಡ 30 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ, ಎಂಬತ್ತರ ವಯಸ್ಸಿಗೆ ಅದು ಶೇಕಡ 84ಕ್ಕೆ ಏರುತ್ತದೆ. ಡಿಸ್ಕ್ ಸವೆತವಂತೂ ಇಪ್ಪತ್ತರಲ್ಲಿ ಶೇಕಡ 37, ಎಂಬತ್ತರಲ್ಲಿ ಶೇಕಡ 96. ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು ಎಂಬುದನ್ನು ಮರೆಯಬೇಡಿ. ತಲೆಗೂದಲು ನರೆಯುವ ಹಾಗೆ ಡಿಸ್ಕೂ ಒಣಗುತ್ತದೆ. ನರೆತ ಕೂದಲನ್ನು ಕಂಡು ಯಾರೂ ಹಾಸಿಗೆ ಹಿಡಿಯುವುದಿಲ್ಲ. ಹೆದರಿಸುವುದು ಆ ವರದಿಯ ಭಾಷೆ, ಬೆನ್ನಿನ ಸ್ಥಿತಿ ಸಾಮಾನ್ಯವಾಗಿ ಅಷ್ಟು ಕೆಟ್ಟಿರುವುದಿಲ್ಲ.

ಹತ್ತರಲ್ಲಿ ಒಂಬತ್ತು ಜನರ ಸೊಂಟನೋವಿಗೆ ‘ಇದೇ ಕಾರಣ’ ಎಂದು ಯಾವುದಾದರೂ ಒಂದು ಮೂಳೆಯನ್ನೋ ಸ್ನಾಯುವನ್ನೋ ಬೊಟ್ಟು ಮಾಡಲಾಗುವುದಿಲ್ಲ. ಉಳುಕು, ನಿದ್ರೆಗೇಡು, ಮನಸ್ಸಿನ ಚಿಂತೆ, ಕೆಲಸದ ಒತ್ತಡ ಎಲ್ಲವೂ ಸೇರಿಕೊಂಡಿರುತ್ತವೆ. ಹಾಗೆಂದು ನೋವು ಸುಳ್ಳಲ್ಲ. ಅಸಾಧ್ಯ ನೋವೇ ಇರಬಹುದು, ಆದರೂ ಒಳಗೆ ಏನೂ ಮುರಿದಿರುವುದಿಲ್ಲ. ಈ ಎರಡು ಮಾತುಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂಬುದನ್ನು ಒಪ್ಪಿಸುವುದೇ ನನ್ನ ಕೆಲಸದ ಕಷ್ಟದ ಭಾಗ.

ಪೃಷ್ಠದಿಂದ ಹೊರಟು ಮೊಣಕಾಲಿನ ಕೆಳಗಿನವರೆಗೂ ಸೆಳೆಯುವ ನೋವು ಬೇರೆ ಜಾತಿಯದು. ನರಕ್ಕೆ ತೊಂದರೆಯಾಗಿ ಬರುವ ಇದನ್ನು ಸಯಾಟಿಕಾ ಎನ್ನುತ್ತೇವೆ. ಇದರಲ್ಲೂ ಹೊರಬಂದ ಡಿಸ್ಕಿನ ತುಣುಕನ್ನು ದೇಹವೇ ತಿಂಗಳುಗಳಲ್ಲಿ ಕರಗಿಸಿಬಿಡುವುದು ಅಪರೂಪವಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಾಲುನೋವು ಬೇಗ ಇಳಿಯುತ್ತದೆ ನಿಜ. ಆದರೆ 2007ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ, ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಕಾದು ನೋಡಿದವರೂ ವರ್ಷ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಕಾಲು ಬಲ ಕಳೆದುಕೊಳ್ಳದಿದ್ದರೆ ಕೆಲವು ವಾರ ಕಾಯುವುದರಲ್ಲಿ ತಪ್ಪಿಲ್ಲ.

ಕಾಯಬಾರದ ಸಂದರ್ಭಗಳೂ ಇವೆ, ಅವನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮೂತ್ರ ಕಟ್ಟಿಕೊಂಡರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಗುದದ ಸುತ್ತ ಮರಗಟ್ಟಿದರೆ ಅದೇ ದಿನ, ಅದೇ ಗಂಟೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಪಾದ ಎತ್ತಲಾಗದಿದ್ದರೂ ತಡಮಾಡಬಾರದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ: ವಾರಗಟ್ಟಲೆ ಬಿಡದ ನೋವು, ಸಂಜೆ ಜ್ವರ, ಇಳಿಯುತ್ತಿರುವ ತೂಕ. ಪತ್ತೆಯಾದರೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಹಿಂದೆ ಕ್ಯಾನ್ಸರ್ ಆಗಿದ್ದವರು ಮತ್ತು ಸಣ್ಣದಾಗಿ ಬಿದ್ದ ಮೇಲೆ ನೋವು ಶುರುವಾದ ವಯಸ್ಸಾದ ತಾಯಂದಿರು ಕೂಡಲೇ ತೋರಿಸಿಕೊಳ್ಳಬೇಕು. ಇಪ್ಪತ್ತು ಮೂವತ್ತರ ಹುಡುಗನೊಬ್ಬ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆನ್ನು ಬಿಗಿದಿರುತ್ತದೆ, ಓಡಾಡಿದರೆ ಸಡಿಲಾಗುತ್ತದೆ ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದರೆ ಅದು ಉರಿಯೂತದ ಸಂಧಿವಾತವಿರಬಹುದು. ಸ್ಕ್ಯಾನ್ ಮಾಡಿಸಬೇಕಾದದ್ದು ಇಂಥವರಿಗೆ.

ಉಳಿದವರು ಏನು ಮಾಡಬೇಕು? ಸೊಂಟ ಹಿಡಿದರೆ ಮಲಗಿಬಿಡು ಎಂದು ವೈದ್ಯರೇ ದಶಕಗಳ ಕಾಲ ಹೇಳುತ್ತಿದ್ದರು. 1995ರಲ್ಲಿ ಹೆಲ್ಸಿಂಕಿಯಲ್ಲಿ ನಗರಾಡಳಿತದ ನೌಕರರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ತಡೆದಷ್ಟು ದಿನನಿತ್ಯದ ಕೆಲಸ. ಬೇಗ ಚೇತರಿಸಿಕೊಂಡವರು ಮೂರನೆಯವರು, ತೀರಾ ನಿಧಾನವಾದವರು ಮಲಗಿದವರು. ಆ ಸಲಹೆ ಈಗ ಪುಸ್ತಕಗಳಿಂದ ಹೋಗಿದೆ, ಮನೆಗಳಿಂದ ಇನ್ನೂ ಹೋಗಿಲ್ಲ.

ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಇವುಗಳನ್ನು ದೀರ್ಘಕಾಲದ ಸೊಂಟನೋವಿಗೆ ವಾಡಿಕೆಯಾಗಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿಯೂ ನಮ್ಮಲ್ಲಿದೆ. ಒದ್ದ ಮೇಲೆ ನೋವು ಹೋಯಿತು ಎನ್ನುವವರನ್ನು ನಾನು ಸುಳ್ಳುಗಾರರೆಂದು ಕರೆಯುವುದಿಲ್ಲ. ಉಳುಕು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ, ಕೀರ್ತಿ ಒದ್ದವರಿಗೆ ಸಲ್ಲುತ್ತದೆ. ನಮ್ಮ ಮಾತ್ರೆಗಳ ಕಥೆಯೂ ಹೆಚ್ಚು ಭಿನ್ನವಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ಯಾರಾಸಿಟಮಾಲ್ ನುಂಗಿದವರು ಗುಣವಾಗಲು 17 ದಿನ ತೆಗೆದುಕೊಂಡರೆ, ಔಷಧವೇ ಇಲ್ಲದ ಮಾತ್ರೆ ನುಂಗಿದವರು 16 ದಿನ ತೆಗೆದುಕೊಂಡರು! ಬಿಸಿನೀರಿನ ಶಾಖ ಹಿತವೆನಿಸಿದರೆ ಕೊಟ್ಟುಕೊಳ್ಳಿ. ಉರಿಯೂತ ತಗ್ಗಿಸುವ ಮಾತ್ರೆಗಳು ಕೆಲವು ದಿನ ನೆರವಾಗುತ್ತವೆ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರು ಕೇಳದೆ ನುಂಗಬಾರದು.

ಇನ್ನು ಭಾರದ ವಿಷಯ. ಅಡುಗೆ ಅನಿಲದ ತುಂಬಿದ ಸಿಲಿಂಡರ್ 14.2 ಕಿಲೋ ಅನಿಲವೂ ಕಬ್ಬಿಣವೂ ಸೇರಿ 30 ಕಿಲೋ ಆಸುಪಾಸು ತೂಗುತ್ತದೆ. ತಿಂಗಳಿಡೀ ಏನನ್ನೂ ಎತ್ತದ ಸೊಂಟ ಒಂದು ದಿನ ಅದನ್ನು ತಿರುಚಿಕೊಂಡು ಎತ್ತಿದರೆ ಮುನಿಸಿಕೊಳ್ಳದೆ ಇರುತ್ತದೆಯೇ? ಮೈಗೆ ಹತ್ತಿರ ಹಿಡಿಯಿರಿ, ತಿರುಗಬೇಕಾದರೆ ಪಾದಗಳನ್ನು ತಿರುಗಿಸಿ. ಇದಕ್ಕಿಂತ ಮುಖ್ಯ, ಎತ್ತುವುದನ್ನೇ ಬಿಡಬೇಡಿ. ಅರ್ಧ ಕೊಡದಿಂದ ಶುರುಮಾಡಿ ಬಲ ಬೆಳೆಸಿಕೊಳ್ಳಿ. ಕಂಪ್ಯೂಟರ್ ಮುಂದೆ ಕುಳಿತವರು ‘ಸರಿಯಾದ ಭಂಗಿ ಯಾವುದು’ ಎಂದು ಕೇಳುತ್ತಾರೆ. ಯಾವ ಭಂಗಿಯಾದರೂ ಆಗಬಹುದು, ಅರ್ಧ ಗಂಟೆಗೊಮ್ಮೆ ಅದನ್ನು ಬದಲಿಸಿ. ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸರಿಗೆ ಈ ಆಯ್ಕೆಯೇ ಇಲ್ಲ ಎಂಬುದೂ ನನಗೆ ಗೊತ್ತು. ಅವರಿಗೆ ನನ್ನ ಉಪದೇಶಕ್ಕಿಂತ ಆಗಾಗ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬಿಡುವ ಗದ್ದೆಯ ಯಜಮಾನರು ಹೆಚ್ಚು ಉಪಯೋಗ.

ಹೋದ ನೋವು ಮರಳಿ ಬಾರದಂತೆ ತಡೆಯಲು ಈಗ ನಮ್ಮ ಕೈಯಲ್ಲಿರುವ ಅತ್ಯಂತ ಅಗ್ಗದ ಉಪಾಯ ನಡಿಗೆ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2024ರಲ್ಲಿ ಹೊರಬಂತು. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡಿಗೆಯನ್ನು ಹೆಚ್ಚಿಸುತ್ತ, ವಾರಕ್ಕೆ ಐದು ದಿನ ಅರ್ಧ ಗಂಟೆಯ ಗುರಿಯಿಟ್ಟುಕೊಂಡವರಿಗೆ ನೋವು ಮರಳಲು ಮಧ್ಯಕದ ಲೆಕ್ಕದಲ್ಲಿ, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಲೆಕ್ಕದಲ್ಲಿ, 208 ದಿನ ಹಿಡಿಯಿತು, ಉಳಿದವರಿಗೆ 112. ಮೊದಲ ವಾರ ಹತ್ತು ನಿಮಿಷ ಸಾಕು. ಮರುದಿನ ತುಸು ನೋವು ಕಂಡರೆ ನಿಲ್ಲಿಸಬೇಡಿ, ದೂರ ಕಡಿಮೆ ಮಾಡಿ.

ಈಗ ಪ್ರಶ್ನೆಗಳನ್ನು ಕೇಳಬಹುದು. ಸ್ಕ್ಯಾನ್ ಚೀಲ ತಂದಿರುವವರು ಅದನ್ನು ಕುರ್ಚಿಯ ಕೆಳಗೇ ಇಟ್ಟು, ನೋವು ಯಾವಾಗ ಶುರುವಾಯಿತು ಎಂಬುದನ್ನು ಮೊದಲು ಹೇಳಿ.