ಹೀಚು ಕಟ್ಟುವ ಕಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಈಸ್ಟರ್ ಹಬ್ಬದ ಮರುದಿನ ಬೆಳಗ್ಗೆ ಚರ್ಚಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಹೂವಿನ ವಾಸನೆ. ಅದರ ಹಿಂದೆಯೇ ಮೇಣದ ವಾಸನೆ. ಆಮೇಲೆ ಕಣ್ಣಿಗೆ ಬೀಳುವುದು ಖಾಲಿ ಬೆಂಚುಗಳು. ಹಿಂದಿನ ದಿನ ಅಲ್ಲಿ ನಿಲ್ಲಲು ಜಾಗ ಇರಲಿಲ್ಲ. ಈಗ ಬೆಂಚಿನ ಕೆಳಗೆ ಒಂದು ಮಗುವಿನ ಕಾಲುಚೀಲ, ಇನ್ನೊಂದು ಕಡೆ ಯಾರದೋ ಕನ್ನಡಕ. ಒಮ್ಮೆ ಹೀಗೇ ಸೋಮವಾರದ ಪೂಜೆಗೆ ಐದು ಜನ ಬಂದಿದ್ದರು. ಅವರಲ್ಲಿ ಒಬ್ಬರು ಕನ್ನಡಕ ಹುಡುಕಿಕೊಂಡು ಬಂದವರು.

ನಾನೊಬ್ಬ ಕಥೋಲಿಕ ಧರ್ಮಗುರು. ಒಂದು ಧರ್ಮಕೇಂದ್ರವನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಸಂತ ಅಂದ ಕೂಡಲೇ ನಮ್ಮ ಬಾಯಿಗೆ ಹೂವಿನ ಮಾತು ಬರುತ್ತದೆ. ಇವತ್ತು ನಾನು ಹೂ ಉದುರಿದ ಮೇಲಿನ ಮಾತು ಆಡಬೇಕೆಂದಿದ್ದೇನೆ. ಗಿಡಮರ ಬಲ್ಲವರಿಗೆ ಇದು ಗೊತ್ತು. ಹೂ ಬಿಟ್ಟ ಮರ ನೋಡಲು ಚಂದ. ಆದರೆ ಹೂ ಉದುರಿದ ಮೇಲೆ ತಾನೆ ಹೀಚು ಕಾಣುವುದು? ಆ ಹೊತ್ತಿಗೆ ಮರದ ಕೆಳಗೆ ಯಾರೂ ಫೋಟೋ ತೆಗೆಯಲು ನಿಲ್ಲುವುದಿಲ್ಲ.

ಯೇಸುಸ್ವಾಮಿ ಸಾವಿನಿಂದ ಎದ್ದ ಹಬ್ಬ ಈಸ್ಟರ್. ಅದಕ್ಕೂ ವಸಂತಕ್ಕೂ ಇರುವ ನಂಟು ಲೆಕ್ಕದ ನಂಟು. ಹಗಲು ರಾತ್ರಿ ಸಮವಾಗುವ ದಿನವನ್ನು ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚ್, ಮಾರ್ಚ್ 21 ಎಂದು ಇಟ್ಟುಕೊಂಡಿದೆ. ಅಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಭೂಮಿಯ ದಕ್ಷಿಣ ಭಾಗದಲ್ಲಿ ಇರುವವರಿಗೆ ಅದು ಎಲೆ ಉದುರುವ ಕಾಲ. ಅಲ್ಲಿನ ಗುರುಗಳು ‘ಗಿಡ ಚಿಗುರಿದಂತೆ ಪ್ರಭು ಎದ್ದರು’ ಎಂದು ಪ್ರವಚನ ಮಾಡಿದರೆ ಜನ ಕಿಟಕಿಯಾಚೆ ನೋಡಿ ನಗುತ್ತಾರೋ ಏನೋ. ಅವರ ಈಸ್ಟರ್ ನಮ್ಮದಕ್ಕಿಂತ ಕಡಿಮೆಯದಲ್ಲ. ಚಿಗುರಿನ ಆಸರೆ ಇಲ್ಲದೆಯೂ ಅವರು ದೇವರನ್ನು ಸ್ತುತಿಸುವ ಅಲ್ಲೆಲೂಯ ಹಾಡುತ್ತಾರೆ.

ಈಸ್ಟರ್‌ಗೆ ಮೊದಲು ತಪಸ್ಸು ಕಾಲ ಇರುತ್ತದೆ. ಬೂದಿ ಬುಧವಾರದಿಂದ ಶುರು, ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಅದನ್ನು ನಮ್ಮ ಜನ ಬಹಳ ಚೆನ್ನಾಗಿ ಆಚರಿಸುತ್ತಾರೆ. ಕಳೆದ ವರ್ಷದ ಗರಿಗಳ ಹಬ್ಬದ ತಾಳೆ ಗರಿಗಳನ್ನು ಸುಟ್ಟ ಬೂದಿ ಹಣೆಗೆ ಬೀಳುತ್ತಿದ್ದಂತೆ ನನ್ನ ಫೋನ್ ಹೊಡೆದುಕೊಳ್ಳಲು ಶುರುವಾಗುತ್ತದೆ. ‘ಫಾದರ್, ನನಗೆ ಅರವತ್ತು ತುಂಬಿತು, ಉಪವಾಸ ಮಾಡಲೇಬೇಕಾ?’ ‘ಫಾದರ್, ಮಗನಿಗೆ ಹದಿಮೂರು, ಅವನೂ ಮಾಂಸ ಬಿಡಬೇಕಾ?’ ಈ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇದೆ. ಉಪವಾಸದ ನಿಯಮ 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದ ಮೇಲೆ. ನಿಮಗೆ ಕಡ್ಡಾಯ ಇಲ್ಲಮ್ಮಾ ಅಂದರೆ, ‘ಆದರೂ ಮಾಡ್ತೀನಿ ಫಾದರ್’ ಅನ್ನುವವರೇ ಜಾಸ್ತಿ.

ಈಸ್ಟರ್ ಬಂದ ಮೇಲೆ ಫೋನ್ ಸುಮ್ಮನಾಗುತ್ತದೆ. ಈಸ್ಟರ್ ಕಾಲ 50 ದಿನ. ಪುನರುತ್ಥಾನದ ಭಾನುವಾರದಿಂದ ಪೆಂತೆಕೋಸ್ತ್ ಹಬ್ಬದವರೆಗೆ. ಆ ಗ್ರೀಕ್ ಪದದ ಅರ್ಥವೇ ಐವತ್ತನೆಯ ದಿನ. ಇಡೀ ಐವತ್ತು ದಿನ ಒಂದೇ ಹಬ್ಬ, ಒಂದೇ ದೊಡ್ಡ ಭಾನುವಾರ ಎನ್ನುತ್ತದೆ ಧರ್ಮಸಭೆ. ನಲವತ್ತಕ್ಕಿಂತ ಐವತ್ತು ದೊಡ್ಡದು ಅಲ್ವಾ? ಆದರೆ ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಫೋನ್ ಮಾಡಿ, ‘ಫಾದರ್, ಈ ಐವತ್ತು ದಿನ ಸಂತೋಷವಾಗಿರುವುದಕ್ಕೆ ನಿಯಮ ಏನಾದರೂ ಇದೆಯಾ?’ ಎಂದು ಕೇಳಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ. ನಿಯಮ ಇತ್ತು. 325ರಲ್ಲಿ ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್‌ಗಳ ಮೊದಲ ಮಹಾಸಭೆ ಸೇರಿತು. ನಾವು ಇಂದಿಗೂ ಹೇಳುವ ವಿಶ್ವಾಸ ಪ್ರಮಾಣದ ಬುಡ ಅಲ್ಲಿದೆ. ಅದೇ ಸಭೆಯ ಇಪ್ಪತ್ತನೆಯ ನಿಯಮ ಒಂದು ಸಣ್ಣ ವಿಷಯಕ್ಕೆ ಮೀಸಲು. ಭಾನುವಾರಗಳಲ್ಲಿ ಮತ್ತು ಈಸ್ಟರ್‌ನ ಐವತ್ತು ದಿನಗಳಲ್ಲಿ ಯಾರೂ ಮೊಣಕಾಲೂರಬಾರದು, ನಿಂತೇ ಪ್ರಾರ್ಥಿಸಬೇಕು. ಕೆಲವರು ಮೊಣಕಾಲೂರುತ್ತಿದ್ದರಂತೆ, ಅದಕ್ಕೇ ಈ ನಿಯಮ. ನನಗೆ ಇದು ತುಂಬಾ ಇಷ್ಟ. ದೇವರ ಮುಂದೆ ಬಗ್ಗುವವರನ್ನು ಹಿಡಿದು, ‘ಏಳಿ, ಇವು ಬಗ್ಗುವ ದಿನಗಳಲ್ಲ’ ಎಂದು ಬಿಷಪ್‌ಗಳೆಲ್ಲ ಸೇರಿ ಹೇಳಬೇಕಾಯಿತು ನೋಡಿ. ಅಂದರೆ ಆಗಲೂ ಜನಕ್ಕೆ ಸಂತೋಷಕ್ಕಿಂತ ಪಶ್ಚಾತ್ತಾಪವೇ ಸಲೀಸಾಗಿತ್ತು. ಈಗ ಆ ರೂಢಿ ನಮ್ಮ ಕಡೆ ಸಡಿಲವಾಗಿದೆ. ಈಗಿನ ಕಾನೂನಿನಲ್ಲೂ ಒಂದು ಸಣ್ಣ ತುಣುಕು ಉಳಿದಿದೆ. ಈಸ್ಟರ್ ವಾರದ ಎಂಟು ದಿನವೂ ದೊಡ್ಡ ಹಬ್ಬದ ಲೆಕ್ಕ. ಹಾಗಾಗಿ ಬೇರೆ ಶುಕ್ರವಾರಗಳ ಹಾಗೆ ಆ ವಾರದ ಶುಕ್ರವಾರ ಮಾಂಸ ಬಿಡಬೇಕಾಗಿಲ್ಲ. ಇದನ್ನು ಪ್ರವಚನದಲ್ಲಿ ಹೇಳಿದೆ. ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು, ‘ಹಾಗೆಲ್ಲ ಹೇಳಬೇಡಿ ಫಾದರ್, ಮಕ್ಕಳು ಕೆಟ್ಟುಹೋಗ್ತಾರೆ’ ಅಂದರು.

ಗುರುವಿನ ಮುಂದೆ ತಪ್ಪು ಹೇಳಿಕೊಂಡು ಕ್ಷಮೆ ಬೇಡುವ ಪಾಪನಿವೇದನೆಯ ಕಥೆಯೂ ಇದೇ. ಈಸ್ಟರ್‌ಗೆ ಮೊದಲಿನ ಪವಿತ್ರ ವಾರದಲ್ಲಿ ಸಾಲು ಬಾಗಿಲು ದಾಟುತ್ತದೆ. ಈಸ್ಟರ್ ಮುಗಿದ ಶನಿವಾರ ಸಂಜೆ ನಾನು ಹೋಗಿ ಕೂತರೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಇಲ್ಲ. ಒಮ್ಮೆ ಒಬ್ಬರು ಪರದೆ ಸರಿಸಿದರು. ನಾನು ನೆಟ್ಟಗೆ ಕೂತು ಶಿಲುಬೆಯ ಗುರುತು ಮಾಡಿದೆ. ‘ಫಾದರ್, ಹಿಂದಿನ ಗೇಟಿನ ಬೀಗದ ಕೈ ಎಲ್ಲಿದೆ?’ ಅಂದರು. ಇಷ್ಟನ್ನು ನಿಮಗೆ ಹೇಳಬಹುದು. ಅದು ಪಾಪನಿವೇದನೆ ಅಲ್ಲವಲ್ಲ.

ಈಗ ನನ್ನದೇ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ಈಸ್ಟರ್‌ನ ಹಿಂದಿನ ಶನಿವಾರ ರಾತ್ರಿಯ ಪಾಸ್ಖ ಜಾಗರಣೆ ನಮ್ಮ ವರ್ಷದ ದೊಡ್ಡ ರಾತ್ರಿ. ಕತ್ತಲಲ್ಲಿ ಬೆಂಕಿ ಹೊತ್ತಿಸುತ್ತೇವೆ. ಪಾಸ್ಖ ದೀಪ ಎನ್ನುವ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ ಕೊರೆದು, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಬರೆದು, ಐದು ಸಾಂಬ್ರಾಣಿ ಕಾಳು ಸಿಕ್ಕಿಸುತ್ತೇವೆ. ಆ ದೀಪದ ಮುಂದೆ ಹಾಡುವ ಉದ್ದನೆಯ ಸ್ತುತಿಯಲ್ಲಿ ಮೇಣ ಕೊಟ್ಟ ಜೇನುನೊಣಗಳ ನೆನಪೂ ಬರುತ್ತದೆ. ತಪಸ್ಸು ಕಾಲದ ಉದ್ದಕ್ಕೂ ಬಾಯಿಗೆ ಬಾರದ ಅಲ್ಲೆಲೂಯವನ್ನು ಅಂದು ಗುರು ಮೂರು ಸಲ ಹಾಡಬೇಕು, ಪ್ರತಿ ಸಲ ಸ್ವರ ಒಂದು ಮೆಟ್ಟಿಲು ಏರಿಸಿ. ಒಂದು ವರ್ಷ ಉತ್ಸಾಹದಲ್ಲಿ ಮೊದಲನೆಯದನ್ನೇ ನಾನು ತಾರಕದಲ್ಲಿ ಎತ್ತಿಬಿಟ್ಟೆ. ಎರಡನೆಯದಕ್ಕೆ ಗಾಯನವೃಂದದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯದು ನನ್ನ ಗಂಟಲಿನಿಂದ ಹೊರಗೆ ಬರಲೇ ಇಲ್ಲ. ಯಾರೋ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಆಮೇಲೆ ಇಡೀ ಚರ್ಚೇ ನಕ್ಕಿತು. ನನಗೆ ಆಗ ಮುಖಭಂಗ ಆಯಿತು. ಈಗ ಯೋಚಿಸಿದರೆ, ಆ ರಾತ್ರಿ ನಿಜವಾದ ಅಲ್ಲೆಲೂಯ ಆ ನಗುವೇ ಇರಬೇಕು.

ತಪ್ಪು ಅಂದದ್ದು ಇದಲ್ಲ. ಅದೇ ರಾತ್ರಿ ಒಬ್ಬ ಹೆಂಗಸು ಸ್ನಾನದೀಕ್ಷೆ ಪಡೆದು ಕ್ರೈಸ್ತರಾದರು. ನಲವತ್ತರ ಆಸುಪಾಸಿನವರು. ಒಂದು ವರ್ಷ ಪ್ರತಿ ಗುರುವಾರ ಸಂಜೆ ತರಗತಿಗೆ ಬಂದಿದ್ದರು. ಮಳೆ ಬಂದರೂ ತಪ್ಪಿಸಿದವರಲ್ಲ. ಅಂದು ನೀರು ಸುರಿದಾಗ ಅತ್ತರು, ಬಿಳಿ ಬಟ್ಟೆ ತೊಟ್ಟರು, ಮೊದಲ ಸಲ ಪರಮಪ್ರಸಾದ ತೆಗೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಐದು ದಿನ ಕಳೆದು ಗುರುವಾರ ಸಂಜೆ ಆಫೀಸಿನ ಬೀಗ ಹಾಕಿ ಹೊರಟಿದ್ದೆ. ಅವರು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದರು.

‘ಏನಮ್ಮಾ ಇಲ್ಲಿ?’

‘ಇವತ್ತು ಕ್ಲಾಸ್ ಇಲ್ವಾ ಫಾದರ್?’

‘ಮುಗೀತಲ್ಲಮ್ಮಾ, ನಿಮ್ಮ ದೀಕ್ಷೆ ಆಯ್ತಲ್ಲ!’

‘ಓ, ಮುಗೀತಾ’ ಅಂದರು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಆ ‘ಮುಗೀತಾ’ ನನಗೆ ಚುಚ್ಚಿತು. ವಯಸ್ಕರ ದೀಕ್ಷೆಯ ವಿಧಿಯನ್ನು ಧರ್ಮಸಭೆ 1972ರಲ್ಲಿ ಹೊಸದಾಗಿ ಹೊರತಂದಾಗ, ದೀಕ್ಷೆಯ ನಂತರದ ಈಸ್ಟರ್ ವಾರಗಳನ್ನೂ ಕಲಿಕೆಯ ಒಂದು ಹಂತ ಎಂದೇ ಬರೆದಿತ್ತು. ಪಡೆದದ್ದನ್ನು ನಿಧಾನವಾಗಿ ಸವಿದು ಅರ್ಥಮಾಡಿಕೊಳ್ಳುವ ಹಂತ ಅದು. ಸೆಮಿನರಿಯಲ್ಲಿ ಅದನ್ನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಹಬ್ಬದ ಗದ್ದಲ ಮುಗಿದರೆ ಸಾಕು, ನಾಲ್ಕು ದಿನ ಮಲಗಬೇಕು ಅನ್ನುವುದಷ್ಟೇ ಆಗ ನನ್ನ ತಲೆಯಲ್ಲಿತ್ತು. ಒಬ್ಬ ಮನುಷ್ಯಳನ್ನು ವರ್ಷಪೂರ್ತಿ ಕೈಹಿಡಿದು ನಡೆಸಿ, ಬಾಗಿಲ ಒಳಗೆ ಬಿಟ್ಟು, ನಾನು ಹೋಗಿ ಮಲಗಿದ್ದೆ.

ಆ ರಾತ್ರಿ ಬೈಬಲಿನಲ್ಲಿ ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಎರಡು ಅಧ್ಯಾಯ ಓದಿದೆ. ಈಸ್ಟರ್ ಆದ ಮೇಲೆ ಯೇಸುವಿನ ಶಿಷ್ಯರಾದ ಪ್ರೇಷಿತರು ಏನು ಮಾಡುತ್ತಿದ್ದರು? ಎಂಟು ದಿನ ಕಳೆದರೂ ಬಾಗಿಲು ಹಾಕಿಕೊಂಡೇ ಕೂತಿದ್ದರು. ಪ್ರಭುವನ್ನು ಕಣ್ಣಾರೆ ನೋಡಿದವರು! ಆಮೇಲೆ ಪೇತ್ರ, ‘ನಾನು ಮೀನು ಹಿಡಿಯಲು ಹೋಗ್ತೇನೆ’ ಅನ್ನುತ್ತಾನೆ. ಉಳಿದವರು ‘ನಾವೂ ಬರ್ತೇವೆ’ ಅನ್ನುತ್ತಾರೆ. ಖಾಲಿ ಸಮಾಧಿ ಕಂಡವರು ಹಳೆಯ ದೋಣಿಗೆ ವಾಪಸ್. ಮೊದಲ ಈಸ್ಟರ್ ಮುಗಿದ ಮೇಲೂ ಬೆಂಚುಗಳು ಖಾಲಿಯಾಗಿದ್ದವು ಅನ್ನಿ. ಯೇಸುಸ್ವಾಮಿ ಅವರನ್ನು ಬೈಯಲಿಲ್ಲ. ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಇಟ್ಟು, ‘ಬನ್ನಿ, ಊಟ ಮಾಡಿ’ ಅಂದರು.

ಮುಂದಿನ ಗುರುವಾರದಿಂದ ತರಗತಿ ಮತ್ತೆ ಶುರು ಮಾಡಿದೆ. ತರಗತಿ ಅಂದರೆ ದೊಡ್ಡ ಮಾತಾಯಿತು. ಸಂಜೆಯ ಪೂಜೆ, ಆಮೇಲೆ ಆ ಭಾನುವಾರದ ವಾಚನ ಓದಿ ಮಾತಾಡುವುದು, ಅಷ್ಟೇ. ಮೊದಲ ವಾರ ಹನ್ನೊಂದು ಜನ. ಎರಡನೆಯ ವಾರ ಆರು. ಆಮೇಲೆ ನಾಲ್ಕಕ್ಕೆ ಬಂದು ನಿಂತಿತು. ಪವಾಡ ಏನೂ ನಡೆಯಲಿಲ್ಲ. ಒಂದು ವಾರ ಕರೆಂಟ್ ಹೋಗಿ ಪಾಸ್ಖ ದೀಪದ ಬೆಳಕಲ್ಲೇ ಕೂತೆವು. ನನ್ನ ತಯಾರಿಯ ಟಿಪ್ಪಣಿ ಕಾಣಲಿಲ್ಲ, ಅದರಿಂದ ಮಾತು ಚೆನ್ನಾಗಿ ಆಯಿತು. ಆ ಹೆಂಗಸು ಒಂದು ಪ್ರಶ್ನೆ ಕೇಳಿದರು. ‘ಸಮಾಧಿಯ ಹತ್ತಿರ ಮಗ್ದಲದ ಮರಿಯ ಎದ್ದುಬಂದ ಯೇಸುವನ್ನು ತೋಟಗಾರ ಅಂದುಕೊಂಡಳಲ್ಲ ಫಾದರ್, ಅವರ ಕೈ ಮಣ್ಣಾಗಿತ್ತಾ?’ ಇಷ್ಟು ವರ್ಷ ಆ ಭಾಗ ಓದಿದ್ದೇನೆ, ಒಮ್ಮೆಯೂ ಆ ಕೈಗಳನ್ನು ನಾನು ನೋಡಿರಲಿಲ್ಲ.

ಆ ಮಧ್ಯೆ ಒಂದು ಸಾವು. ದಿನಾ ಬೆಳಗಿನ ಪೂಜೆಗೆ ಬರುತ್ತಿದ್ದ ವಯಸ್ಸಾದ ತಾಯಿ, ಎಡಗಡೆ ಮೂರನೆಯ ಬೆಂಚು ಅವರದೇ. ಮಗಳು ಬಂದು ಕೇಳಿದರು, ‘ಪೀಠದ ಮುಂದಿನ ಹಬ್ಬದ ಹೂವೆಲ್ಲ ತೆಗೆಸಬೇಕಾ ಫಾದರ್?’ ಬೇಡ ಅಂದೆ. ಪಾಸ್ಖ ದೀಪವನ್ನು ಶವಪೆಟ್ಟಿಗೆಯ ಬಳಿ ಇಟ್ಟೆವು. ಅದು ಹೇಗೂ ಎಲ್ಲರ ಅಂತ್ಯಕ್ರಿಯೆಯಲ್ಲೂ ಉರಿಯುವ ದೀಪ. ಹೂಗಳು ಬಾಡಲು ಶುರುವಾಗಿದ್ದವು, ಆದರೂ ಇದ್ದವು. ಶುಭಸಂದೇಶಕ್ಕೆ ಮೊದಲು ಅಲ್ಲೆಲೂಯ ಹಾಡಿದೆವು. ಈ ಸಲ ತಗ್ಗು ಸ್ವರದಲ್ಲಿ.

2025ರಲ್ಲಿ ಇಡೀ ಜಗತ್ತು ಇದನ್ನು ನೋಡಿತು. ಅಂದು ಏಪ್ರಿಲ್ 20, ಪೂರ್ವ ಪಶ್ಚಿಮದ ಕ್ರೈಸ್ತರಿಗೆಲ್ಲ ಒಂದೇ ದಿನ ಈಸ್ಟರ್. ಪೋಪ್ ಫ್ರಾನ್ಸಿಸ್ ಕಾಯಿಲೆಯಲ್ಲೇ ಬಂದು ಜನರನ್ನು ಆಶೀರ್ವದಿಸಿದರು. ಮರುದಿನ ಬೆಳಗ್ಗೆ ತೀರಿಕೊಂಡರು, 88ನೇ ವಯಸ್ಸಿನಲ್ಲಿ. ಅವರ ಅಂತ್ಯಕ್ರಿಯೆ ನಡೆದದ್ದು ಈಸ್ಟರ್ ವಾರದ ಶನಿವಾರ. ಮೇ 8ರಂದು ಹದಿನಾಲ್ಕನೆಯ ಲಿಯೋ ಆಯ್ಕೆಯಾಗಿ ಹೊರಗೆ ಬಂದು ಮೊದಲು ಆಡಿದ್ದು ‘ನಿಮ್ಮೆಲ್ಲರಿಗೂ ಶಾಂತಿ’ ಎಂಬ ಮಾತು. ಬಾಗಿಲು ಹಾಕಿ ಕೂತವರಿಗೆ ಎದ್ದುಬಂದ ಪ್ರಭು ಹೇಳಿದ ಮಾತೂ ಅದೇ. ಸಾವು, ಕಣ್ಣೀರು, ಹೊಸ ಪೋಪ್, ಎಲ್ಲವೂ ಆ ಐವತ್ತು ದಿನಗಳ ಒಳಗೇ ನಡೆಯಿತು.

ಮತ್ತೆ ನಮ್ಮ ಗುರುವಾರಗಳಿಗೆ ಬರುತ್ತೇನೆ. ಪೆಂತೆಕೋಸ್ತ್ ಭಾನುವಾರ ಸಂಜೆ ಪಾಸ್ಖ ದೀಪವನ್ನು ಪೀಠದ ಬಳಿಯಿಂದ ತೆಗೆದು ದೀಕ್ಷೆಯ ತೊಟ್ಟಿಯ ಹತ್ತಿರ ಇಡುವ ರೂಢಿ. ಚರ್ಚಿನ ಒಳಗಿನ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು ಅದನ್ನು ಎತ್ತಿಕೊಂಡರು. ಅವರು ಮಾತು ಕಡಿಮೆ, ಲೆಕ್ಕ ಜಾಸ್ತಿ. ಒಳಗಿನಿಂದ ಹೋದ ವರ್ಷದ ಬತ್ತಿಯ ತುಂಡು ತಂದು ಪಕ್ಕಕ್ಕೆ ಹಿಡಿದು ಅಳೆದರು.

‘ಫಾದರ್, ಈ ವರ್ಷ ನಾಲ್ಕು ಬೆರಳು ಜಾಸ್ತಿ ಉರಿದಿದೆ’ ಅಂದರು.

ದೂರೋ ಖುಷಿಯೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ‘ಗುರುವಾರಗಳದ್ದು ಇರಬೇಕು’ ಅಂದೆ. ‘ಹೂಂ’ ಅಂದು, ಸ್ವಲ್ಪ ಹೊತ್ತು ನಿಂತು, ‘ಮುಂದಿನ ಸಲ ಇನ್ನೂ ದಪ್ಪದ್ದು ತರಿಸೋಣ’ ಅಂದರು.

ನಮಸ್ಕಾರ.