ಪಂದಿ ಕರಿ ಬೇಯುವಷ್ಟು ಹೊತ್ತು

ನಮಸ್ಕಾರ ಎಲ್ಲರಿಗೂ. ಈಗ ನಿಮಗೆ ಕಾಣುತ್ತಿರುವುದು ಒಂದು ಕಿಲೋ ಹಂದಿ ಮಾಂಸ. ಚರ್ಮ, ಕೊಬ್ಬು ಎರಡೂ ಇರಲಿ ಅಂತ ಅಂಗಡಿಗೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದೆ. ಬೆಂಗಳೂರಿನಲ್ಲಿ ಸುಮ್ನೆ ಪೋರ್ಕ್ ಕೊಡಿ ಅಂದರೆ ಕೊಬ್ಬೆಲ್ಲ ತೆಗೆದು ಕೊಡುತ್ತಾರೆ. ಆ ಮಾಂಸಕ್ಕೆ ಪಂದಿ ಕರಿಯ ರುಚಿ ಬರುವುದಿಲ್ಲ.

ಈ ವಿಡಿಯೋ ನಿನ್ನೆ ಸಂಜೆಯದು. ಧ್ವನಿ ಇವತ್ತು ಸೇರಿಸುತ್ತಿದ್ದೇನೆ. ನಿನ್ನೆ ರಾತ್ರಿ ನಮ್ಮ ಮನೆಗೆ ಊಟಕ್ಕೆ ಬಂದವರು ಗಂಡ, ಹೆಂಡತಿ ಮತ್ತು ಅವರ ಐದು ತಿಂಗಳ ಮಗು. ಅವರ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ. ವಿಡಿಯೋದಲ್ಲೂ ಅವರಿಲ್ಲ. ಆ ಮಗುವಿಗೆ ಹುಟ್ಟಿನಿಂದಲೇ ಇರುವ ಹಾರ್ಮೋನ್ ತೊಂದರೆಯೇ ನನಗೂ ಇದೆ. ಅವರ ಡಾಕ್ಟರ್ ಮಗುವಿನ ಜನನಾಂಗದ ಆಪರೇಷನ್‌ಗೆ ಒಂದು ದಿನ ಗೊತ್ತು ಮಾಡಿದ್ದಾರೆ. ಮಾಡಿಸಬೇಕಾ ಬೇಡವಾ ಅಂತ ನನ್ನ ಜೊತೆ ಮಾತಾಡಬೇಕು ಅಂದರು. ಊಟಕ್ಕೇ ಬನ್ನಿ ಅಂದೆ.

ಮಾಂಸ ತೊಳೆದಾಯಿತು. ಅರ್ಧ ಚಮಚ ಅರಿಶಿನ, ಒಂದು ಚಮಚ ಖಾರದ ಪುಡಿ. ಇನ್ನು ಉಪ್ಪು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನ್ನ ಕಥೆ ಶುರುವಾಗುವುದೇ ಉಪ್ಪಿನಿಂದ.

ನಾನು ಹುಟ್ಟಿದ್ದು 1991ರ ಮಳೆಗಾಲದ ಆಟಿ ತಿಂಗಳಲ್ಲಿ, ಭಾಗಮಂಡಲದ ಕಡೆಯ ಒಂದು ಊರಲ್ಲಿ. ಮಗು ಹುಟ್ಟಿದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಗಂಡಾ ಹೆಣ್ಣಾ ಅಂತ. ಸೂಲಗಿತ್ತಿ ಬಾಯಿ ಬಿಡಲಿಲ್ಲವಂತೆ. ನೋಡಿದರೆ ಯಾವುದು ಅಂತ ಹೇಳುವ ಹಾಗಿರಲಿಲ್ಲ. ಹನ್ನೆರಡನೇ ದಿನಕ್ಕೆ ನಾನು ಕುಡಿದ ಹಾಲೆಲ್ಲ ಕಕ್ಕಲು ಶುರು ಮಾಡಿದೆ. ಮೈ ಒಣಗಿತು, ಅಳು ನಿಂತಿತು. ಜೀಪಲ್ಲಿ, ಆ ಮಳೆಯಲ್ಲಿ, ರಾತ್ರಿಯೆಲ್ಲ ಕೂತು ಅಪ್ಪ ಅಮ್ಮ ನನ್ನನ್ನು ದೊಡ್ಡ ಊರಿನ ಆಸ್ಪತ್ರೆಗೆ ತಂದರು. ಇನ್ನರ್ಧ ದಿನ ತಡವಾಗಿದ್ದರೆ ನಾನು ಇರುತ್ತಿರಲಿಲ್ಲ.

ಇದಕ್ಕೆ ಸಿಎಎಚ್, ಅಂದರೆ ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಅನ್ನುತ್ತಾರೆ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಅಡ್ರಿನಲ್ ಅಂತ ಎರಡು ಗ್ರಂಥಿಗಳಿವೆ. ನನ್ನ ಗ್ರಂಥಿಗಳಲ್ಲಿ 21-ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವದ ಕೊರತೆ. ಅದಿಲ್ಲದೆ, ಕಾಯಿಲೆ ಕಷ್ಟಗಳನ್ನು ಮೈ ತಡೆದುಕೊಳ್ಳಲು ಬೇಕಾದ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ತಯಾರಾಗುವುದಿಲ್ಲ. ಮೈಯಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನ್ ಕೂಡ ಆಗುವುದಿಲ್ಲ. ಉಪ್ಪೆಲ್ಲ ಮೂತ್ರದಲ್ಲಿ ಹೋಗಿಬಿಡುತ್ತದೆ. ಇನ್ನೊಂದು ಕಡೆ ಗಂಡು ಹಾರ್ಮೋನ್ ಜಾಸ್ತಿ ಆಗುತ್ತದೆ. ಅದಕ್ಕೇ ಎಕ್ಸ್ಎಕ್ಸ್ ಕ್ರೋಮೋಸೋಮ್, ಅಂದರೆ ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ ಇರುವ ಕ್ರೋಮೋಸೋಮ್ ಜೋಡಿ, ಇರುವ ಮಗುವಿನ ಜನನಾಂಗ ಹೊಟ್ಟೆಯಲ್ಲಿದ್ದಾಗಲೇ ಬೇರೆ ಥರ ಬೆಳೆದಿರುತ್ತದೆ. ಸುಮಾರು ಹತ್ತರಿಂದ ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಸಿಎಎಚ್ ಇರುತ್ತದೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದರೆ ಪತ್ತೆ ಹಚ್ಚಬಹುದು. ನಮ್ಮಲ್ಲಿ ಇನ್ನೂ ಎಲ್ಲ ಆಸ್ಪತ್ರೆಗಳಲ್ಲಿ ಆ ಪರೀಕ್ಷೆ ಮಾಡುವುದಿಲ್ಲ.

ಉಪ್ಪು ಹಾಕಿದೆ, ಕಲಸಿದೆ. ಅರ್ಧ ಗಂಟೆ ಇದು ಹೀಗೇ ಇರಲಿ.

ಇಲ್ಲಿ ಕಬ್ಬಿಣದ ಬಾಣಲೆಯಲ್ಲಿ ಮಸಾಲೆ ಹುರಿಯುತ್ತಿದ್ದೇನೆ. ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೊಂದು ಚಮಚ ಜೀರಿಗೆ, ಕಾಳುಮೆಣಸು, ಅರ್ಧ ಚಮಚ ಸಾಸಿವೆ, ನಾಲ್ಕೈದು ಕಾಳು ಮೆಂತ್ಯ. ಉರಿ ಸಣ್ಣಗಿರಲಿ. ಕಪ್ಪಾಗಬೇಕು, ಆದರೆ ಸುಡಬಾರದು. ಘಮ ಬಂದ ಕೂಡಲೇ ಇಳಿಸುವವರು ಜಾಸ್ತಿ. ಘಮ ಬಂದ ಮೇಲೂ ಎರಡು ನಿಮಿಷ ಬಿಡಿ, ಕಾಫಿ ಬೀಜದ ಬಣ್ಣಕ್ಕೆ ಬರುತ್ತದೆ.

ಮೈಯಲ್ಲಿ ತಯಾರಾಗದ ಕಾರ್ಟಿಸಾಲ್‌ಗೆ ಬದಲಾಗಿ ನನಗೆ ಕೊಟ್ಟ ಮಾತ್ರೆ ಹೈಡ್ರೋಕಾರ್ಟಿಸೋನ್. ಆಗ ಅದು ನಮ್ಮ ಕಡೆ ಸಿಗುತ್ತಿರಲಿಲ್ಲ. ಅಪ್ಪ ಮೈಸೂರಿಗೆ ಹೋಗಿ ತರುತ್ತಿದ್ದರು. ಅಂಗೈಯಷ್ಟಿದ್ದ ಮಗುವಿಗೆ ಇಡೀ ಮಾತ್ರೆ ಕೊಡುವಂತಿಲ್ಲ. ಅಮ್ಮ ಎರಡು ಚಮಚಗಳ ನಡುವೆ ಮಾತ್ರೆ ಇಟ್ಟು ಪುಡಿ ಮಾಡಿ, ಕ್ಯಾಲೆಂಡರ್ ಹಾಳೆಯ ಮೇಲೆ ಸುರಿದು, ಬ್ಲೇಡಿನ ಅಂಚಿನಿಂದ ನಾಲ್ಕು ಪಾಲು ಮಾಡುತ್ತಿದ್ದರು. ಫ್ಯಾನ್ ಹಾಕುವ ಹಾಗಿಲ್ಲ, ಯಾರೂ ಹತ್ತಿರ ಉಸಿರು ಬಿಡುವ ಹಾಗಿಲ್ಲ. ಪ್ರತಿ ಪಾಲನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಇಡುತ್ತಿದ್ದರು. ಹಾಲಿಗೆ ಇಷ್ಟು ಅಂತ ಉಪ್ಪನ್ನೂ ಅಳೆದು ಹಾಕುತ್ತಿದ್ದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಒಂದು ಹೊತ್ತೂ ತಪ್ಪಿಸಲಿಲ್ಲ. ನನ್ನ ಪ್ರಾಣ ಉಳಿಸಿದ್ದು ಆ ಪೊಟ್ಟಣಗಳು. ಅದನ್ನು ಬರೆದುಕೊಟ್ಟ ಡಾಕ್ಟರನ್ನು ಇವತ್ತಿಗೂ ನೆನೆಯುತ್ತೇನೆ.

ನಡೆಯಲು ಬಂದ ಮೇಲೆ ನಾನು ಅಟ್ಟದ ಕೆಳಗಿನ ಉಪ್ಪಿನ ಭರಣಿಗೆ ಕೈ ಹಾಕಿ ನೆಕ್ಕುತ್ತಿದ್ದೆನಂತೆ. ಅಜ್ಜಿ ಬೈಯುತ್ತಿದ್ದರು. ಅಮ್ಮ ಮಾತ್ರ, "ಬಿಡಿ ಅತ್ತೆ, ಅದರ ಮೈಗೆ ಬೇಕು" ಅನ್ನುತ್ತಿದ್ದರು.

ಅದೇ ಆಸ್ಪತ್ರೆಯಲ್ಲಿ, ನನಗೆ ಒಂದೂವರೆ ವರ್ಷ ಆದಾಗ ಆಪರೇಷನ್ ಮಾಡಿದರು. ಆಗ ಆಪರೇಷನ್ ಬೇಕಾಗುವಂಥ ಯಾವ ತೊಂದರೆಯೂ ನನಗೆ ಇರಲಿಲ್ಲ. ಮೂತ್ರ ಸರಿಯಾಗಿ ಹೋಗುತ್ತಿತ್ತು. ದೊಡ್ಡದಾಗಿ ಕಾಣುತ್ತಿದ್ದ ಅಂಗವನ್ನು ಕತ್ತರಿಸಿ ಹೆಣ್ಣುಮಗುವಿನ ಹಾಗೆ ಕಾಣುವಂತೆ ಮಾಡಿದರು. ಶಾಲೆಗೆ ಸೇರಿಸುವ ಮೊದಲೇ ಮುಗಿಸಿಬಿಡಿ, ಮಗುವಿಗೆ ನೆನಪೂ ಇರುವುದಿಲ್ಲ, ಯಾರಿಗೂ ಹೇಳಬೇಡಿ ಅಂದರಂತೆ. ಅಪ್ಪ ಸಹಿ ಹಾಕಿದರು. ಪ್ರಾಣ ಉಳಿಸಿದವರು ಹೇಳಿದ ಮೇಲೆ ಬೇಡ ಅನ್ನುವುದು ಹೇಗೆ?

ನೆನಪು ಮನಸ್ಸಿಗೆ ಇಲ್ಲದಿರಬಹುದು, ಮೈಗೆ ಇದೆ. ಗಾಯದ ಕಲೆ ಗಟ್ಟಿಯಾಯಿತು. ಹದಿಮೂರನೇ ವಯಸ್ಸಿಗೆ ಇನ್ನೊಂದು ಆಪರೇಷನ್ ಆಯಿತು. ಆ ಜಾಗದಲ್ಲಿ ಇವತ್ತಿಗೂ ನನಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಹೋದದ್ದು ಯಾವ ಮಾತ್ರೆಯಿಂದಲೂ ವಾಪಸ್ ಬರುವುದಿಲ್ಲ.

ಈಗ ಪಾತ್ರೆ ನೋಡಿ. ಎಣ್ಣೆ ಒಂದು ಹನಿಯೂ ಹಾಕಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಮಾಂಸ ಹಾಕಿದರೆ ಅದರ ಕೊಬ್ಬೇ ಕರಗಿ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಕರಿಬೇವು ತರಿತರಿಯಾಗಿ ಅರೆದು ಇಟ್ಟಿದ್ದೆ, ಅದನ್ನು ಈಗ ಸೇರಿಸಿದೆ. ಬೇಯಲು ಒಂದು ಗಂಟೆ ಬೇಕು. ಕುಕ್ಕರ್‌ನಲ್ಲಿ ನಾಲ್ಕು ವಿಸಿಲ್ ಹಾಕಿದರೆ ಮಾಂಸ ಬೇಯುತ್ತದೆ ನಿಜ, ಚರ್ಮ ಮಾತ್ರ ಲೊಳಲೊಳ ಆಗುತ್ತದೆ. ನಮ್ಮ ಮನೆಯಲ್ಲಿ ಕುಕ್ಕರ್‌ನಲ್ಲಿ ಮಾಡಿದವರಿಲ್ಲ.

ಇಷ್ಟು ಆತುರ ಯಾಕಿತ್ತು ಅಂತ ನಾನು ತುಂಬಾ ವರ್ಷ ಹುಡುಕಿದ್ದೇನೆ. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞ ಇದ್ದರು. ಮಗುವನ್ನು ಹೇಗೆ ಬೆಳೆಸುತ್ತೀರೋ ಹಾಗೆ ಅದು ಹೆಣ್ಣೋ ಗಂಡೋ ಆಗುತ್ತದೆ, ಆದ್ದರಿಂದ ಒಂದೂವರೆ ಎರಡು ವರ್ಷದೊಳಗೆ ತೀರ್ಮಾನ ಮಾಡಿ ದೇಹವನ್ನು ಅದಕ್ಕೆ ಹೊಂದಿಸಿಬಿಡಿ ಅನ್ನುವುದು ಅವರ ವಾದ. ಲೋಕದ ಡಾಕ್ಟರುಗಳೆಲ್ಲ ಅದನ್ನೇ ಓದಿದರು. ಅದಕ್ಕೆ ದೊಡ್ಡ ಸಾಕ್ಷಿಯಾಗಿ ತೋರಿಸುತ್ತಿದ್ದದ್ದು ಕೆನಡಾದ ವಿನ್ನಿಪೆಗ್‌ನ ಅವಳಿ ಗಂಡುಮಕ್ಕಳಲ್ಲಿ ಒಬ್ಬನನ್ನು. ಅವನು ಇಂಟರ್‌ಸೆಕ್ಸ್ ಅಲ್ಲ, ಅಂದರೆ ನನ್ನ ಹಾಗೆ ಗಂಡೋ ಹೆಣ್ಣೋ ಅಂತ ನೋಡಿ ಹೇಳಲಾಗದ ದೇಹದಲ್ಲಿ ಹುಟ್ಟಿದವನಲ್ಲ. 1966ರಲ್ಲಿ ಮುಂದೊಗಲು ತೆಗೆಯುವಾಗ ಅವನ ಅಂಗ ಸುಟ್ಟುಹೋಯಿತು. ಮನಿ ಹೇಳಿದರು ಅಂತ ಹುಡುಗಿಯಾಗಿ ಬೆಳೆಸಿದರು. ಚೆನ್ನಾಗಿದ್ದಾಳೆ ಅಂತ ಮನಿ ಬರೆಯುತ್ತಲೇ ಇದ್ದರು. ಆ ಮಗು ಒಂದು ದಿನವೂ ಚೆನ್ನಾಗಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ನಿಜ ತಿಳಿದ ಮೇಲೆ ಹುಡುಗನಾಗಿ ಬದುಕಿದ, ಡೇವಿಡ್ ರೀಮರ್ ಅಂತ ಹೆಸರಿಟ್ಟುಕೊಂಡ. 1997ರಲ್ಲಿ ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ ಅನ್ನುವವರು ಅವನ ನಿಜವಾದ ಕಥೆ ಬರೆದಾಗಲೇ ಜಗತ್ತಿಗೆ ಗೊತ್ತಾಗಿದ್ದು. 2004ರಲ್ಲಿ, 38ನೇ ವಯಸ್ಸಿಗೆ, ಡೇವಿಡ್ ಪ್ರಾಣ ಕಳೆದುಕೊಂಡರು. ನನ್ನ ಎರಡನೇ ಆಪರೇಷನ್ ಆದ ವರ್ಷ ಅದು.

ನನಗೆ ಅದೆಲ್ಲ ಆಗ ಎಲ್ಲಿ ಗೊತ್ತಿತ್ತು? ನನಗೆ ಹದಿನೈದು ಆದಾಗ ಪೇಪರಲ್ಲಿ ಶಾಂತಿ ಸೌಂದರರಾಜನ್ ಫೋಟೋ ಬಂತು. ತಮಿಳುನಾಡಿನ ಪುದುಕ್ಕೋಟೈ ಕಡೆಯ ಓಟಗಾರ್ತಿ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದವರು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಅಪ್ಪ ಆ ಪೇಪರನ್ನು ಮಡಚಿ ಬೀರುವಿನ ಮೇಲೆ ಇಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ. ಹತ್ತೊಂಬತ್ತಕ್ಕೆ ಟ್ರಂಕಿನ ತಳದಲ್ಲಿ ನನ್ನ ಆಸ್ಪತ್ರೆ ಫೈಲು ಸಿಕ್ಕಿತು. ಅದರಲ್ಲಿ ನನ್ನ ಹೆಸರಿತ್ತು, ನನಗೆ ಗೊತ್ತಿಲ್ಲದ ನಾನು ಇದ್ದೆ.

ಅಮ್ಮನ ಮೇಲೆ ಎರಡು ವರ್ಷ ಸರಿಯಾಗಿ ಮಾತಾಡದಷ್ಟು ಕೋಪವಿತ್ತು. ಆಮೇಲೆ ಒಂದು ಸಲ ಊರಿಗೆ ಹೋದಾಗ ಆ ಹಾರ್ಲಿಕ್ಸ್ ಬಾಟಲಿ ಇನ್ನೂ ಅಡುಗೆಮನೆಯಲ್ಲೇ ಇತ್ತು. ಅದರಲ್ಲಿ ಏಲಕ್ಕಿ ತುಂಬಿದ್ದರು. ಅದನ್ನು ನೋಡಿದ ಮೇಲೆ ಅವರ ಹತ್ತಿರ ಕೋಪ ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಮಾಂಸ ಮುಕ್ಕಾಲು ಬೆಂದಿದೆ. ಈಗ ಕಪ್ಪು ಮಸಾಲೆ ಪುಡಿ. ಪಕ್ಕದ ಒಲೆಯಲ್ಲಿ ಅಕ್ಕಿ ತರಿ ಕುದಿಯುತ್ತಿದೆ. ಒಂದು ಲೋಟ ತರಿಗೆ ಎರಡು ಲೋಟ ನೀರು. ಗಟ್ಟಿಯಾದ ಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಕೊಡವರು ಕಡಂಬುಟ್ಟು ಅನ್ನುತ್ತಾರೆ. ಅರೆಭಾಷೆ ಮಾತಾಡುವ ನಮ್ಮಲ್ಲಿ ಕಡುಬು.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. 2015ರಲ್ಲಿ ಮಾಲ್ಟಾ ದೇಶ, ಒಪ್ಪಿಗೆ ಕೊಡಲಾಗದ ವಯಸ್ಸಿನ ಮಕ್ಕಳಿಗೆ ಇಂಥ ಆಪರೇಷನ್ ಮಾಡುವುದನ್ನು ನಿಷೇಧಿಸಿತು. ಅದೇ ಮೊದಲು. ನಮ್ಮ ದೇಶದಲ್ಲಿ 2019ರ ಏಪ್ರಿಲ್ 22ರಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದಲ್ಲಿ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಒಂದು ತೀರ್ಪು ಕೊಟ್ಟರು. ಕೇಸು ಇದ್ದದ್ದು ತೂತ್ತುಕುಡಿಯ ದಂಪತಿಯ ಮದುವೆ ನೋಂದಣಿಯದು. ಅದೇ ತೀರ್ಪಿನಲ್ಲಿ ಇಂಟರ್‌ಸೆಕ್ಸ್ ಕೂಸುಗಳ ಆಪರೇಷನ್ ನಿಲ್ಲಿಸಿ ಅಂತ ಸರ್ಕಾರಕ್ಕೆ ಹೇಳಿದರು. ಅಪ್ಪ ಅಮ್ಮ ಒಪ್ಪಿದರೆ ಅದು ಮಗುವಿನ ಒಪ್ಪಿಗೆ ಆಗುವುದಿಲ್ಲ ಅಂದರು. ಅದೇ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಆದೇಶ ಹೊರಡಿಸಿತು. ಪ್ರಾಣಕ್ಕೆ ಅಪಾಯ ಇದ್ದರೆ ಮಾತ್ರ ಆಪರೇಷನ್. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಆ ಆದೇಶ. ಅಷ್ಟೇ ದೂರ. ನಮ್ಮ ರಾಜ್ಯದ ಮಕ್ಕಳಿಗೂ ಅದು ಬೇಕು ಅಂತ ನಾನು ಕೇಳುತ್ತಲೇ ಇರುತ್ತೇನೆ.

ಎಲ್ಲರ ಅನುಭವ ನನ್ನದೇ ಅಂತ ಹೇಳುವುದಿಲ್ಲ. ಸಿಎಎಚ್ ಇರುವವರಲ್ಲಿ, ಚಿಕ್ಕಂದಿನಲ್ಲೇ ಆಗಿದ್ದು ಒಳ್ಳೆಯದಾಯಿತು ಅನ್ನುವವರು ಇದ್ದಾರೆ. ಇಂಟರ್‌ಸೆಕ್ಸ್ ಅನ್ನುವ ಪದವೇ ತಮಗೆ ಬೇಡ ಅನ್ನುವವರೂ ಇದ್ದಾರೆ. ನಾನು ಹೆಣ್ಣಾಗಿಯೇ ಬದುಕುತ್ತಿದ್ದೇನೆ, ಅದರ ಬಗ್ಗೆ ನನಗೆ ಗೊಂದಲ ಇಲ್ಲ. ಕತ್ತರಿಸದಿದ್ದರೂ ಹೆಣ್ಣಾಗಿಯೇ ಇರುತ್ತಿದ್ದೆ. ಒಂದು ಮಾತು ಕೇಳಬಹುದಿತ್ತು ಅಲ್ವಾ? ಕೇಳಲು ನಾನು ಮಾತಾಡುವಷ್ಟು ದೊಡ್ಡವಳಾಗುವವರೆಗೆ ಕಾಯಬಹುದಿತ್ತು.

ಇದು ಕಾಚಂಪುಳಿ. ಹತ್ತಿರದಿಂದ ತೋರಿಸುತ್ತೇನೆ, ಬಾಟಲಿ ಓರೆ ಮಾಡಿದರೂ ಬೇಗ ಬರುವುದಿಲ್ಲ ನೋಡಿ, ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಮಲೆನಾಡಿನವರು ಉಪ್ಪಾಗೆ ಅನ್ನುವ ಹಣ್ಣೇ ಇದಕ್ಕೂ ಬೇಕು. ಮಳೆಗಾಲದಲ್ಲಿ ಹಣ್ಣು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ತೊಟ್ಟಿಕ್ಕುವ ರಸ ಹಿಡಿದು, ಮಣ್ಣಿನ ಪಾತ್ರೆಯಲ್ಲಿ ಕಪ್ಪಾಗುವವರೆಗೆ ಕುದಿಸುತ್ತಾರೆ. ಇದನ್ನು ಅಮ್ಮ ಕಳಿಸಿದ್ದು. ಒಂದೂವರೆ ಚಮಚ ಸಾಕು. ಕೊನೆಗೇ ಹಾಕಬೇಕು. 

ಗಂಟೆ ಎಂಟು. ನಾನು ಮಾತ್ರೆ ತೆಗೆದುಕೊಂಡೆ, ಅದೂ ವಿಡಿಯೋದಲ್ಲಿದೆ. ಬಾಗಿಲ ಬೆಲ್ ಆಗಿದ್ದು ನಿಮಗೂ ಕೇಳಿಸಿರಬೇಕು. ಇಲ್ಲಿಗೆ ಕ್ಯಾಮೆರಾ ಆಫ್ ಮಾಡಿದೆ. ಚಿಕ್ಕವಳಿದ್ದಾಗ ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರ್ ಹಿಂದೆ ಏಳೆಂಟು ವಿದ್ಯಾರ್ಥಿಗಳು ನಿಂತು ನನ್ನನ್ನು ನೋಡುತ್ತಿದ್ದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ಎಣಿಸುತ್ತಾ ಮಲಗಿರುತ್ತಿದ್ದೆ. ಈ ಮಗುವನ್ನು ನನ್ನ ಮನೆಯಲ್ಲಿ ಯಾರೂ ಹಾಗೆ ನೋಡಬಾರದು.

ಆ ತಾಯಿಯ ಅನುಮತಿ ಕೇಳಿ ಇಷ್ಟು ಮಾತ್ರ ಹೇಳುತ್ತಿದ್ದೇನೆ. ಊಟ ಮಾಡುತ್ತಾ ಅವರು ಕೇಳಿದ್ದು ಆಪರೇಷನ್ ಬಗ್ಗೆ ಅಲ್ಲ. "ಅಕ್ಕಾ, ನಿಮ್ಮಮ್ಮ ಮಾತ್ರೆಯನ್ನು ನಾಲ್ಕು ಸಮ ಪಾಲು ಹೇಗೆ ಮಾಡುತ್ತಿದ್ದರು? ನನಗೆ ಕೈ ನಡುಗುತ್ತೆ" ಅಂದರು. ತಟ್ಟೆ ಪಕ್ಕಕ್ಕೆ ಸರಿಸಿ, ಹಾಳೆ, ಬ್ಲೇಡು ತಂದು ಅವರಿಗೆ ತೋರಿಸಿಕೊಟ್ಟೆ. ಜ್ವರ ಬಂದಾಗ ಡೋಸ್ ಜಾಸ್ತಿ ಮಾಡಬೇಕಾಗುತ್ತದೆ, ಎಷ್ಟು ಅಂತ ಡಾಕ್ಟರ್ ಹತ್ತಿರ ಈಗಲೇ ಬರೆಸಿ ಇಟ್ಟುಕೊಳ್ಳಿ, ವಾಂತಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಓಡಿ ಅಂದೆ. ಆಮೇಲೆ ಮಗುವಿನ ತಂದೆ ಅದೇ ಹಾಳೆಯ ಹಿಂದೆ ಡಾಕ್ಟರಿಗೆ ಕೇಳಬೇಕಾದ್ದನ್ನು ಬರೆದುಕೊಂಡರು. ಮೂತ್ರಕ್ಕೆ ಏನಾದರೂ ತೊಂದರೆ ಇದೆಯಾ? ಕಾದರೆ ಪ್ರಾಣಕ್ಕೆ, ಆರೋಗ್ಯಕ್ಕೆ ಏನಾಗುತ್ತದೆ? ಏನೂ ಆಗುವುದಿಲ್ಲ ಅಂದರೆ ಈಗಲೇ ಯಾಕೆ?

ಮಗು ಅಷ್ಟೂ ಹೊತ್ತು ನನ್ನ ಮಡಿಲಲ್ಲಿ ಮಲಗಿತ್ತು. ಹೊರಡುವಾಗ ಅವರಿಗೆ ಒಂದು ಡಬ್ಬಿ ಕರಿ ಕಟ್ಟಿಕೊಟ್ಟೆ. ಉಳಿದದ್ದನ್ನು ಇವತ್ತು ಬೆಳಿಗ್ಗೆ ಬಿಸಿ ಮಾಡಿ ಅಕ್ಕಿ ರೊಟ್ಟಿ ಜೊತೆ ತಿಂದೆ. ಒಂದು ರಾತ್ರಿ ಕಳೆದರೆ ಹುಳಿ ಇನ್ನೂ ಚೆನ್ನಾಗಿ ಇಳಿದಿರುತ್ತದೆ.